ಪ್ರಶಸ್ತಿಗೆ ಮುಂಚೆಯೇ ಧನ್ಯವಾದ

ಡ್ರೆನ್ಕೊವೊದಲ್ಲಿ ಸುದ್ದಿ ಬರುವುದು ಕಂಬದ ಮೇಲಿಂದ. ಚೌಕದಲ್ಲೊಂದು, ಬಸ್ ನಿಲ್ದಾಣದ ಪಕ್ಕದಲ್ಲೊಂದು, ಸ್ಮಶಾನದ ಗೇಟಿನ ಎದುರಿಗೊಂದು, ಹೀಗೆ ಮೂರು ಕಡೆ ತಗಡಿನ ಧ್ವನಿವರ್ಧಕಗಳು ಬಾಯಿ ತೆರೆದುಕೊಂಡು ನಿಂತಿವೆ. ಇದಲ್ಲದೆ ಪ್ರತಿ ಮನೆಯ ಅಡುಗೆಕೋಣೆಯ ಗೋಡೆಗೂ ಒಂದು ಮರದ ಪೆಟ್ಟಿಗೆ, ಅದಕ್ಕೊಂದೇ ತಿರುಗುಗುಂಡಿ. ದನಿ ಏರಿಸಬಹುದು, ಇಳಿಸಬಹುದು. ಬೇರೆ ಸ್ಟೇಷನ್ ಹಾಕುತ್ತೇನೆಂದರೆ ಅದು ಆಗದ ಮಾತು. ಊರಿನ ಗ್ರಂಥಾಲಯವಾದ ಓದುಮನೆಯ ಮಹಡಿಯಲ್ಲಿ ಒಬ್ಬ ಮೈಕಿನ ಮುಂದೆ ಕೂತು ಮಾತಾಡಿದರೆ ತಂತಿಯಲ್ಲಿ ಹರಿದು ಅಷ್ಟೂ ಮನೆಗಳಿಗೆ ತಲುಪುತ್ತದೆ. ಹಾಗೆ ಕೂತು ಮಾತಾಡುವವನು ಸ್ವೆತ್ಲಿನ್ ಪೇಲೊವ್. ಬಲ್ಗೇರಿಯದ ವಾಯವ್ಯ ಮೂಲೆಯ ಆ ಊರಿನಲ್ಲಿ ಸಂಬಳ ತೆಗೆದುಕೊಂಡು ಮಾತಾಡುವವನು ಅವನೊಬ್ಬನೇ. ಮಿಕ್ಕವರೆಲ್ಲ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದರು.

"ಸ್ಮಶಾನದ ಕಡೆಯೋರೇ ನನ್ನ ಒಳ್ಳೇ ಕೇಳುಗರು. ಇಷ್ಟು ವರ್ಷದಲ್ಲಿ ಒಂದು ದೂರಿಲ್ಲ," ಎಂದು ಅವನು ಹೇಳುತ್ತಿದ್ದ.

ಸೋಫಿಯಾದಲ್ಲಿ ಪತ್ರಿಕೋದ್ಯಮ ಓದುವಾಗ ಸ್ವೆತ್ಲಿನ್ ತನ್ನನ್ನು ಯುದ್ಧವರದಿಗಾರನೆಂದು ಕಲ್ಪಿಸಿಕೊಂಡಿದ್ದ. ಗೆಳೆಯನೊಬ್ಬನ ಬೈಕಿನ ಹೆಲ್ಮೆಟ್ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ದೂರ ದಿಗಂತ ನೋಡುವ ಒಂದು ಫೋಟೋ ಕೂಡ ತೆಗೆಸಿಕೊಂಡಿದ್ದ. ಕೋರ್ಸು ಮುಗಿದ ಮೇಲೆ ಯಾವ ಯುದ್ಧವೂ ಅವನನ್ನು ಕರೆಯಲಿಲ್ಲ. ಕಾಲ್ ಸೆಂಟರೊಂದು ಕರೆಯಿತು. ಅಲ್ಲಿ ಅವನು ಜರ್ಮನಿಯ ಗೃಹಿಣಿಯರಿಗೆ ಪ್ರಿಂಟರ್ ಶಾಯಿ ಮಾರುತ್ತ, ಅವರು ನಯವಾಗಿ ಬೈಯುವುದನ್ನು ಕೇಳುತ್ತ ಎರಡು ವರ್ಷ ಕಳೆದ. ಒಂದು ಬೇಸಿಗೆಯಲ್ಲಿ ಅಜ್ಜಿಯ ಮನೆಯ ಹೆಂಚು ಸರಿಮಾಡಲು ಊರಿಗೆ ಬಂದು ಏಣಿ ಹತ್ತಿದ್ದ. ಹಾದಿಯಲ್ಲಿ ಹೋಗುತ್ತಿದ್ದ ಮೇಯರ್ ದೊಂಕಾ ಅಲ್ಲೇ ನಿಂತು ತಲೆ ಎತ್ತಿದಳು.

"ನೀನು ಪತ್ರಿಕೋದ್ಯಮ ಓದಿದೋನಲ್ವೇನೋ?"

"ಹೌದು ದೊಂಕಾ ಅಕ್ಕ."

"ಮತ್ತೆ ಸೂರಿನ ಮೇಲೇನು ಮಾಡ್ತಿದೀಯ? ಇಳಿ ಕೆಳಗೆ. ರಾಯ್ನಾ ಅತ್ತೆ ರಿಟೈರ್ ಆಗ್ತಿದಾರೆ."

ಅವನು ಇಳಿದ. ಆ ಹೆಂಚು ಇವತ್ತಿಗೂ ಹಾಗೇ ಇದೆ.

ರಾಯ್ನಾ ಅತ್ತೆ ಯಾರಿಗೂ ಸ್ವಂತ ಅತ್ತೆಯಲ್ಲ, ಇಡೀ ಊರಿಗೆ ಅತ್ತೆ. ಕರಿಯ ಕೂದಲಿನ ಹುಡುಗಿಯಾಗಿದ್ದಾಗ ಆ ಮೈಕಿನ ಮುಂದೆ ಕೂತವರು, ಬೆಳ್ಳನೆ ಕೂದಲಾದ ಮೇಲೆ ಎದ್ದರು. ಎದ್ದ ದಿನ ಸ್ವೆತ್ಲಿನ್‌ನನ್ನು ಕುರ್ಚಿಯಲ್ಲಿ ಕೂರಿಸಿ ಒಂದೇ ಒಂದು ಪಾಠ ಹೇಳಿದರು.

"ಸಾವಿನ ಸುದ್ದಿ ಓದೋಕೆ ಮುಂಚೆ, ಮನೆಯೋರಿಗೆ ಗೊತ್ತಾಗಿದೆಯಾ ಅಂತ ಕೇಳು. ಮಿಕ್ಕಿದ್ದೆಲ್ಲಾ ನಿನ್ನಿಷ್ಟ."

ಮಿಕ್ಕಿದ್ದೆಲ್ಲಾ ನಿನ್ನಿಷ್ಟ ಎಂದವರು ಮರುದಿನದಿಂದಲೇ ಫೋನು ಮಾಡತೊಡಗಿದರು. ಬೆಳಗಿನ ಸುದ್ದಿ ಮುಗಿಯುವುದೇ ತಡ, ಫೋನು. "ನೀರು ನಿಲ್ಲುತ್ತೆ ಅಂದೆ, ಯಾವ ಬೀದೀಲಿ ಅಂತ ಹೇಳ್ಬೇಡ್ವಾ? ಊರೆಲ್ಲಾ ಬಕೆಟ್ ಹಿಡ್ಕೊಂಡು ಓಡಾಡ್ತಿದೆ." ಅಥವಾ, "ವಾಕ್ಯದ ಮಧ್ಯೆ ಯಾಕೋ ಉಸಿರು ಬಿಡ್ತೀಯ? ಹುಷಾರಿಲ್ಲ ಅಂತ ನಿಮ್ಮಜ್ಜಿ ಸೂಪ್ ಮಾಡ್ತಿದಾರೆ." ಮೊದಲ ಚಳಿಗಾಲವೆಲ್ಲ ಆ ಫೋನಿನ ಗಂಟೆ ಕೇಳಿದರೆ ಸ್ವೆತ್ಲಿನ್ ಐದಾರು ಸಲ ಬಾರಿಸಲು ಬಿಟ್ಟು ಆಮೇಲೆ ಎತ್ತುತ್ತಿದ್ದ. ಎರಡನೆಯ ಚಳಿಗಾಲದಲ್ಲಿ ಒಂದು ದಿನ ಫೋನು ಬರಲಿಲ್ಲ. ಅವನು ತಡೆಯಲಾರದೆ ಕೋಟು ಹಾಕಿಕೊಂಡು, ಅವರಿಗೇನಾಯಿತೋ ಎಂದು ಓಡಿದ. ರಾಯ್ನಾ ಅತ್ತೆ ಗಟ್ಟಿಮುಟ್ಟಾಗಿ ಒಲೆ ಮುಂದೆ ಕೂತಿದ್ದರು.

"ಇವತ್ತು ತಪ್ಪೇನಿರ್ಲಿಲ್ಲವಲ್ಲ, ಅದಕ್ಕೆ ಮಾಡ್ಲಿಲ್ಲ," ಎಂದರು.

ಅದಕ್ಕಿಂತ ದೊಡ್ಡ ಪ್ರಶಸ್ತಿ ತನಗೆ ಸಿಗಲಾರದೆಂದು ಅವನಿಗೆ ಆವತ್ತೇ ಅನ್ನಿಸಿದ್ದರೆ ಮುಂದಿನ ಫಜೀತಿಯೇ ಇರುತ್ತಿರಲಿಲ್ಲ.

ಫಜೀತಿ ಶುರುವಾದದ್ದು ಬಸ್ಸಿನಿಂದ. ಬೆಳಿಗ್ಗೆ ಜಿಲ್ಲಾಕೇಂದ್ರ ವ್ರಾತ್ಸಾಕ್ಕೆ ಹೋಗುವ ಬಸ್ಸು ಹೇಳದೆ ಕೇಳದೆ ನಿಂತುಹೋಯಿತು. ಬಸ್ ಮಾಲೀಕನನ್ನು ಕೇಳಿದರೆ "ನಿಂತಿಲ್ಲ, ಬರ್ತಿಲ್ಲ ಅಷ್ಟೇ" ಎನ್ನುತ್ತಿದ್ದ. ರಾಯ್ನಾ ಅತ್ತೆಯ ಮನೆ ಇರುವುದು ನಿಲ್ದಾಣದ ಎದುರಿಗೆ. ಅವರು ಕಂಬಳಿ ಹೊದ್ದುಕೊಂಡು ಪ್ರತಿದಿನ ಬೆಳಿಗ್ಗೆ ಆ ಬೆಂಚಿನ ಮೇಲೆ ಹೋಗಿ ಕೂರತೊಡಗಿದರು. ಬಂದವರನ್ನೆಲ್ಲ ಮಾತಾಡಿಸುವರು. ಯಾರು ಕಾದರು, ಎಲ್ಲಿಗೆ ಹೊರಟಿದ್ದರು, ಹೋಗದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಕೇಳಿ, ಸುಳ್ಳು ಹೇಳುವವರನ್ನು ಅಲ್ಲೇ ಗದರಿಸಿ, ಸ್ವೆತ್ಲಿನ್‌ಗೆ ಫೋನಿನಲ್ಲಿ ಒಪ್ಪಿಸುವರು. ಮಧ್ಯಾಹ್ನದ ಸುದ್ದಿಯಲ್ಲಿ ಅವನು ಅದನ್ನು ನೀರಿನ ಸುದ್ದಿ ಓದುವಷ್ಟೇ ಸಪ್ಪೆಯಾಗಿ ಓದುತ್ತಿದ್ದ.

"ಇವತ್ತೂ ಬಸ್ ಬರಲಿಲ್ಲ. ಕಾದವರು ಐದು ಜನ. ತೋದೊರ್ ತಾತನಿಗೆ ಕಣ್ಣಿನ ಡಾಕ್ಟರು ಕೊಟ್ಟಿದ್ದ ದಿನ ತಪ್ಪಿತು. ಇನ್ನೊಂದು ದಿನ ಸಿಗುವುದು ಮಾರ್ಚಿನಲ್ಲಂತೆ. ಅಲ್ಲಿಯವರೆಗೆ ತಾತ ಎಡಗಣ್ಣಿನಿಂದಲೇ ಸಂಸಾರ ಮಾಡುತ್ತಾರೆ. ನೆವೆನಾ ಅವರ ಹಲ್ಲಿನ ಸೆಟ್ಟು ವ್ರಾತ್ಸಾದಲ್ಲಿ ರೆಡಿಯಾಗಿ ಕೂತಿದೆ. ನೆವೆನಾ ಇಲ್ಲಿ ಕೂತಿದ್ದಾರೆ."

ಇದು ವಾರಗಟ್ಟಲೆ ನಡೆಯಿತು. ಬಸ್ ಮಾಲೀಕ ಮೊದಲು ನಕ್ಕ. ಆಮೇಲೆ ಮೇಯರಿಗೆ ಫೋನು ಮಾಡಿ ರೇಗಾಡಿದ. ಆದರೆ ಅವನ ಹೆಂಡತಿಯ ತಾಯಿ ಇರುವುದು ಡ್ರೆನ್ಕೊವೊದಲ್ಲಿ, ಅವಳ ಅಡುಗೆಕೋಣೆಯಲ್ಲೂ ಒಂದು ಪೆಟ್ಟಿಗೆ ಇದೆ ಎಂಬುದನ್ನು ಪಾಪ ಅವನು ಮರೆತಿದ್ದ. ಮುದುಕಿ ಮಗಳಿಗೆ ಏನು ಹೇಳಿದಳೋ, ಮಗಳು ಗಂಡನಿಗೆ ಏನು ಹೇಳಿದಳೋ, ಒಂದು ಸೋಮವಾರ ಬಸ್ಸು ತೊಳೆಸಿಕೊಂಡು, ಮುಂದುಗಡೆ ಹೂವು ಸಿಕ್ಕಿಸಿಕೊಂಡು ಬಂದು ನಿಂತಿತು.

ಸ್ವೆತ್ಲಿನ್ ಆ ಸುದ್ದಿಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಎಲ್ಲದರಲ್ಲೂ ಹಿಂದೆ ಪಕ್ಕದ ಮನೆಯ ಹುಂಜ ಕೂಗುತ್ತಿತ್ತು. ಅವನ್ನೇ ಜೋಡಿಸಿ, ಸೋಫಿಯಾದ 'ತೆರೆದ ಕಿಟಕಿ' ಪತ್ರಿಕೋದ್ಯಮ ಪ್ರಶಸ್ತಿಗೆ, ಸ್ಥಳೀಯ ಸುದ್ದಿ ವಿಭಾಗಕ್ಕೆ ಕಳಿಸಿಬಿಟ್ಟ. ಅರ್ಜಿಯಲ್ಲಿ ಒಬ್ಬರ ಹೆಸರಿಗಷ್ಟೇ ಜಾಗವಿತ್ತು. ಅವನು ತನ್ನ ಹೆಸರು ಬರೆದ. ಬರೆಯುವಾಗ ಅವನ ಕೈ ಒಂದು ಕ್ಷಣವೂ ತಡವರಿಸಲಿಲ್ಲ.

ಅಂತಿಮ ಮೂವರಲ್ಲಿ ನೀವೂ ಒಬ್ಬರು ಎಂದು ಸೋಫಿಯಾದಿಂದ ಫೋನು ಬಂದಾಗ ಅವನು ಮೊದಲು ಹೇಳಿದ್ದು "ನಮಗೆ ಪ್ರಿಂಟರ್ ಶಾಯಿ ಬೇಡ" ಎಂದು. ಮಾರುವವರ ಕಷ್ಟ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಫೋನು ಇಟ್ಟೇಬಿಟ್ಟ. ಅವರು ಇನ್ನೊಮ್ಮೆ ಮಾಡಿದರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಸೋಫಿಯಾಕ್ಕೆ ಹೊರಡುವ ಸನ್ನಾಹದಲ್ಲಿತ್ತು. ಎಲ್ಲರಿಗಿಂತ ಹುಮ್ಮಸ್ಸು ಬಸ್ ಮಾಲೀಕನಿಗೆ.

"ಬಸ್ ನಾನು ಕಳಿಸ್ತೀನಿ, ಬಿಟ್ಟಿ," ಎಂದ. "ಎಷ್ಟಾದ್ರೂ ಪ್ರಶಸ್ತಿ ಬಂದಿರೋದು ನನ್ನ ಬಸ್ಸಿಗೆ ತಾನೇ?"

ಸಮಾರಂಭಕ್ಕೆ ಇನ್ನೊಂದು ವಾರವಿತ್ತು. ಆ ಗುರುವಾರ ಮಧ್ಯಾಹ್ನದ ಸುದ್ದಿ ಮುಗಿಸಿದ ಸ್ವೆತ್ಲಿನ್ ಎದ್ದು ಬಾಗಿಲು ಹಾಕಿ, ಗೋಡೆಯ ಕನ್ನಡಿಯ ಮುಂದೆ ನಿಂತ. ಗೆದ್ದರೆ ವೇದಿಕೆಯ ಮೇಲೆ ನಾಲ್ಕು ಮಾತಾಡಬೇಕಲ್ಲ? ಮೈಕು ಚಾಲೂ ಇದ್ದರೆ ಅದರ ಮೇಲೊಂದು ಕೆಂಪು ದೀಪ ಉರಿಯಬೇಕು. ಆ ದೀಪ ಬೇಸಿಗೆಯಲ್ಲೇ ಸುಟ್ಟುಹೋಗಿತ್ತು. ಊರಿನ ಎಲೆಕ್ಟ್ರಿಷಿಯನ್ ಸ್ಟಾಮೆನ್ ಮಾಮ "ದ್ರಾಕ್ಷಿ ಸುಗ್ಗಿ ಮುಗೀಲಿ, ಹಾಕ್ತೀನಿ" ಎಂದಿದ್ದ. ಗುಂಡಿ ಒತ್ತಿ ಆರಿಸಿದ್ದೇನೆಂದು ಸ್ವೆತ್ಲಿನ್ ನಂಬಿದ್ದ. ಗುಂಡಿ ಮಾತ್ರ ಒತ್ತಿಸಿಕೊಂಡಿರಲಿಲ್ಲ.

"ಮಾನ್ಯ ತೀರ್ಪುಗಾರರೇ," ಎಂದು ಮೂರೂ ಕಂಬಗಳು, ಅಷ್ಟೂ ಅಡುಗೆಕೋಣೆಗಳು ಒಟ್ಟಿಗೆ ಹೇಳಿದವು. ದನಿ ಅವನದೇ, ಆದರೆ ಉಚ್ಚಾರಣೆ ಸೋಫಿಯಾದ್ದು. "ಈ ಗೌರವ ನನ್ನದಲ್ಲ." ಇಲ್ಲಿ ಒಂದು ವಿನಯದ ಮೌನ. ಗಂಟಲು ಸರಿಮಾಡಿಕೊಂಡ ಸದ್ದು. "ಛೆ, ಸಾಲದು. ಗಂಟಲು ಸ್ವಲ್ಪ ಕಟ್ಟಬೇಕು. ಈ ಗೌರವ... ನನ್ನದಲ್ಲ. ಹಾಂ, ಇದು ಪರವಾಗಿಲ್ಲ."

ಚೌಕದ ಅಂಗಡಿಯ ಮುಂದೆ ಚೀಸ್ ತುಂಬಿದ ಪದರರೊಟ್ಟಿ ಬಾನಿತ್ಸಾ ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಬಿಸಿ ಬಾನಿತ್ಸಾವನ್ನು ಅರ್ಧಕ್ಕೆ ನಿಲ್ಲಿಸುವುದೆಂದರೆ ಡ್ರೆನ್ಕೊವೊದಲ್ಲಿ ಸಣ್ಣ ಮಾತಲ್ಲ.

"ನಮ್ಮ ಮೇಯರ್ ದೊಂಕಾ ಅವರಿಗೆ ಕೃತಜ್ಞತೆ. ಅವರು ಎಂದೂ ನನ್ನ ಸುದ್ದಿಯಲ್ಲಿ ತಲೆ ಹಾಕಲಿಲ್ಲ, ಯಾಕೆಂದರೆ ಎಂದೂ ಕೇಳಿಸಿಕೊಳ್ಳಲಿಲ್ಲ. ಇಲ್ಲಿ ನಗ್ತಾರೆ, ತಡೀಬೇಕು. ಎಲೆಕ್ಟ್ರಿಷಿಯನ್ ಸ್ಟಾಮೆನ್ ಅವರಿಗೆ ಕೃತಜ್ಞತೆ. ಅವರು ಮುಟ್ಟಿದ್ದೆಲ್ಲ ಒಂದು ಸಲ ಕೆಟ್ಟು ಆಮೇಲೆ ಸರಿಹೋಗುತ್ತದೆ. ನನ್ನ ಅಜ್ಜಿಗೆ. ಪಕ್ಕದ ಮನೆಯ ಹುಂಜಕ್ಕೆ."

ತನ್ನ ಹೆಸರು ಕೇಳಿದ ಸ್ಟಾಮೆನ್ ಮಾಮ ಅಂಗಡಿಯಿಂದ ಎದ್ದು ಓದುಮನೆಯತ್ತ ಓಡತೊಡಗಿದ. ಮೊದಲು ಸಿಟ್ಟಿನಿಂದ ಓಡಿದ. ಅಷ್ಟರಲ್ಲಿ ಕಂಬದ ಮೇಲಿನ ದನಿ ಅಳುವುದನ್ನು ಅಭ್ಯಾಸ ಮಾಡುತ್ತಿತ್ತು. ಅದನ್ನು ಕೇಳಿ ಅವನ ಸಿಟ್ಟೆಲ್ಲ ಕನಿಕರವಾಗಿ, ಇನ್ನೂ ಜೋರಾಗಿ ಓಡಿದ.

"ಕೊನೆಯದಾಗಿ," ಎಂದಿತು ದನಿ, ಈ ಸಲ ನಿಜವಾಗಿಯೂ ಮೆತ್ತಗಾಗಿ, "ಒಬ್ಬರಿದ್ದಾರೆ. ಪ್ರತಿ ಬೆಳಗೂ ಅವರ ಫೋನಿಗೆ ಕಾಯುತ್ತೇನೆ. ಅವರಿಲ್ಲದಿದ್ದರೆ ನಾನು ಇಲ್ಲಿ ನಿಂತಿರುತ್ತಲೇ ಇರಲಿಲ್ಲ. ಅವರು..."

ಸ್ಟಾಮೆನ್ ಮಾಮ ಕೆಳಗಿನ ಮೇನ್ ಸ್ವಿಚ್ಚು ಎಳೆದ. ಊರು ನಿಶ್ಶಬ್ದವಾಯಿತು.

ಮಾನ ಉಳಿಸಿದೆನೆಂದು ಮಹಡಿ ಹತ್ತಿ ಬಂದ ಮಾಮ, ಕನ್ನಡಿಯ ಮುಂದೆ ಒದ್ದೆ ಕಣ್ಣಿನಲ್ಲಿ ನಿಂತ ಹುಡುಗನನ್ನು ನೋಡಿ, "ಒಂದು ಕೆಟ್ಟ ಸುದ್ದಿ ಇದೆ ಮಗಾ," ಎಂದ. "ನೀನು ಚೆನ್ನಾಗಿ ಮಾತಾಡ್ತೀಯ."

ಸಂಜೆ ಸ್ವೆತ್ಲಿನ್ ಬೀದಿಗೆ ಇಳಿದಾಗ ಜನ ಅವನನ್ನು ನೋಡಿದ ಕೂಡಲೇ ವಿನಯದ ಮೌನ ಆಚರಿಸುತ್ತಿದ್ದರು. ಮೇಯರ್ ದೊಂಕಾ ಕಿಟಕಿಯಿಂದ "ಈಗ ಕೇಳಿಸ್ಕೊಂಡೆ ಕಣಪ್ಪಾ, ಚೆನ್ನಾಗಿ ಕೇಳಿಸ್ಕೊಂಡೆ" ಎಂದು ಕೂಗಿದಳು. ಹುಂಜದ ಯಜಮಾನ ತನಗೂ ಬಸ್ಸಿನಲ್ಲಿ ಒಂದು ಸೀಟು ಬೇಕೆಂದ. ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಊರು ಹಿಡಿದುಕೊಂಡದ್ದು ಕೊನೆಯ ಮಾತನ್ನು. ಪ್ರತಿ ಬೆಳಗೂ ಫೋನು ಮಾಡುವ ಆ 'ಒಬ್ಬರು' ಯಾರು? ಒಂದು ಗುಂಪಿನ ಪ್ರಕಾರ ಔಷಧಿ ಅಂಗಡಿಯ ಹುಡುಗಿ. ಇನ್ನೊಂದು ಗುಂಪಿನ ಪ್ರಕಾರ ಕಾಲ್ ಸೆಂಟರಿನ ಹಳೆಯ ಪರಿಚಯ, ಬಹುಶಃ ಜರ್ಮನ್. ಹುಡುಗಿ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. "ಅದು ರಾಯ್ನಾ ಅತ್ತೆ!" ಎಂದು ಸ್ವೆತ್ಲಿನ್ ಬಾಯಿ ನೋಯುವಷ್ಟು ಹೇಳಿದ. ಅವನ ಅಜ್ಜಿಯೇ ನಂಬಲಿಲ್ಲ.

"ಅವರನ್ನ ಮರೆತ್ಬಿಟ್ಟೆ, ಈಗ ಬೆಣ್ಣೆ ಹಚ್ಚೋಕೆ ನೋಡ್ತಿದೀಯ. ಇರ್ಲಿ, ಹುಡುಗಿ ಅಡುಗೆ ಮಾಡ್ತಾಳಾ?"

ಶುಕ್ರವಾರ ಬೆಳಿಗ್ಗೆ ಸುದ್ದಿಯಲ್ಲಿ ಅವನು ಯಾವ ಬೀದಿಗೆ ನೀರಿಲ್ಲ ಎಂಬುದನ್ನು ಬೇಕೆಂದೇ ಬಿಟ್ಟ. ಫೋನು ಬರಲಿಲ್ಲ. ಊರೆಲ್ಲ ಬಕೆಟ್ ಹಿಡಿದು ಓಡಾಡಿತು. ಆದರೂ ಫೋನಿಲ್ಲ.

ಅವನು ರಾಯ್ನಾ ಅತ್ತೆಯ ಮನೆಗೆ ಹೋದಾಗ ಅವರು ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತಿದ್ದರು. ಚಳಿಗಾಲದ ಚಟ್ನಿಗೆ. ಕೈಯೆಲ್ಲ ಕೆಂಪು.

"ಅಭಿನಂದನೆ," ಎಂದರು, ತಲೆ ಎತ್ತದೆ.

"ಅತ್ತೆ, ಆ ಒಬ್ಬರು ನೀವೇ. ಸ್ಟಾಮೆನ್ ಮಾಮ ಇನ್ನೊಂದು ಕ್ಷಣ ತಡ ಮಾಡಿದ್ರೆ..."

"ಹೂಂ. ಅಂಗಡೀಲಿ ಎಲ್ರೂ ಕೇಳಿದ್ರು, ಹುಂಜದ ಹೆಸರು ಬಂತು, ನಿಮ್ಮದು ಬರ್ಲಿಲ್ವಲ್ಲಾ ಅಂತ. ನಾನಂದೆ, ಹುಂಜ ನನಗಿಂತ ಮುಂಚೆ ಏಳುತ್ತಪ್ಪಾ."

"ನಂಬಿ ಅತ್ತೆ. ವೇದಿಕೆ ಮೇಲೆ ಎಲ್ಲರಿಗಿಂತ ಮೊದಲು ನಿಮಗೇ ಥ್ಯಾಂಕ್ಸ್ ಹೇಳ್ತೀನಿ. ಟಿವೀಲೂ ಬರುತ್ತೆ."

ಅವರು ಚಾಕು ಕೆಳಗಿಟ್ಟರು.

"ನಂಬ್ತೀನಿ ಕಣೋ. ಗುರುವಾರವೇ ನಂಬ್ದೆ. ಈ ಊರಲ್ಲಿ ದಿನಾ ಬೆಳಿಗ್ಗೆ ನಿಂಗೆ ಫೋನ್ ಮಾಡೋ ಹುಡುಗಿ ಎಲ್ಲಿದಾಳೆ, ನಿನ್ನ ಮುಖಕ್ಕೆ? ನಂಗೆ ಬೇಜಾರಾಗಿದ್ದು ಅದಕ್ಕಲ್ಲ. ಥ್ಯಾಂಕ್ಸ್ ಯಾರಿಗೆ ಹೇಳ್ತಾರೆ ಹೇಳು? ಬಾಗಿಲು ಹಿಡ್ಕೊಂಡೋರಿಗೆ. ಕಾಫಿ ತಂದ್ಕೊಟ್ಟೋರಿಗೆ. ಹುಂಜಕ್ಕೆ. ನಾನು ಆ ಬೆಂಚಲ್ಲಿ ಕೂತು ಸೊಂಟ ಹಿಡಿಸ್ಕೊಂಡಿದ್ದು ನಿಂಗೆ ಸಹಾಯ ಮಾಡೋಕಲ್ಲ. ಅದು ಕೆಲಸ. ನಂದೂ ಸುದ್ದಿ ಅದು."

ಕನ್ನಡಿಯ ಮುಂದೆ ಎಷ್ಟು ಸಲ ಕಟ್ಟಿಸಿಕೊಂಡರೂ ಸರಿಬರದ ಗಂಟಲು ಈಗ ತಾನಾಗಿಯೇ ಕಟ್ಟಿತು. ನೋಡುವವರು ಯಾರೂ ಇರಲಿಲ್ಲ.

"ಹೋಗು," ಎಂದರು ಅತ್ತೆ. "ಆ ಸೋಫಿಯಾದ ಉಚ್ಚಾರಣೆ ಬಿಡು. ಹಲ್ಲುನೋವು ಬಂದೋನ ಹಾಗೆ ಕೇಳಿಸುತ್ತೆ."

ಶನಿವಾರ, ಭಾನುವಾರ ಅವನು ತನ್ನ ಜತೆ ತಾನೇ ವಾದ ಮಾಡಿದ. ವಾದದಲ್ಲಿ ಅವನದೇ ಮೇಲುಗೈಯಾಗುತ್ತಿತ್ತು: ಓದಿದ್ದು ನಾನು, ಬರೆದದ್ದು ನಾನು, ರೆಕಾರ್ಡ್ ಮಾಡಿದ್ದು ನಾನು. ಗೆದ್ದು ಗೆದ್ದು ಸುಸ್ತಾಗಿ, ಸೋಮವಾರ ಬೆಳಿಗ್ಗೆ ಮೇಯರ್ ಕಚೇರಿಗೆ ಹೋಗಿ ಅಲ್ಲಿನ ಫೋನಿನಿಂದ ಸೋಫಿಯಾಕ್ಕೆ ಕರೆ ಮಾಡಿದ. ದೊಂಕಾ ಕಾಫಿ ಲೋಟ ಹಿಡಿದು ಎದುರಿಗೇ ಕೂತಿದ್ದಳು.

"ಇನ್ನೊಂದು ಹೆಸರು ಸೇರಿಸ್ಬೇಕಿತ್ತು," ಎಂದ. "ಆ ಸುದ್ದಿ ಇಬ್ಬರು ಮಾಡಿದ್ದು."

ಆ ಕಡೆಯ ಹೆಂಗಸು ಸಜ್ಜನೆ. ನಿಯಮ ವಿವರಿಸಿದಳು. ಈ ವಿಭಾಗ ಒಬ್ಬರೇ ಮಾಡಿದ ಕೆಲಸಕ್ಕೆ. ಇಬ್ಬರು ಮಾಡಿದ್ದಾದರೆ ತಂಡಗಳ ವಿಭಾಗಕ್ಕೆ ಹೋಗಬೇಕಿತ್ತು. ಅದರ ಗಡುವು ಮುಗಿದು ತಿಂಗಳುಗಳಾದವು. ಆಮೇಲೆ ದನಿ ತಗ್ಗಿಸಿದಳು.

"ನೋಡಿ, ಅವರು ನಿಮಗೆ ಮಾಹಿತಿ ಕೊಟ್ಟೋರು ತಾನೇ? ಅಂಥೋರು ಎಲ್ಲಾ ಸುದ್ದೀಲೂ ಇರ್ತಾರೆ. ವೇದಿಕೆ ಮೇಲೆ ಒಂದು ಥ್ಯಾಂಕ್ಸ್ ಹೇಳ್ಬಿಡಿ, ಮುಗೀತು. ನಾನು ಈ ಫೋನ್ ಬರ್ಲೇ ಇಲ್ಲ ಅನ್ಕೋತೀನಿ."

ದೊಂಕಾಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ತೋರಿಸಿ, ಇನ್ನೊಂದು ಕೈಯಿಂದ ಫೋನು ಇಡು ಎಂದು ಸನ್ನೆ ಮಾಡಿದಳು. ಕಾಫಿ ಚೆಲ್ಲಿತು.

ಸ್ವೆತ್ಲಿನ್‌ಗೆ ಹೆಲ್ಮೆಟ್ ಹಾಕಿಕೊಂಡ ಫೋಟೋ ನೆನಪಾಯಿತು. ಗುಂಡು ಹಾರದ ಜಾಗದಲ್ಲಿ ಧೀರನಾಗುವುದು ಎಷ್ಟು ಸುಲಭವಿತ್ತು.

"ಮಾಹಿತಿ ಕೊಟ್ಟೋರಲ್ಲ," ಎಂದ. "ಅವರು ಪತ್ರಕರ್ತೆ. ನಾನು ಅವರ ಸುದ್ದೀನ ಓದ್ದೆ, ಅವರು ನನ್ನ ಸುದ್ದೀನ ತಂದ್ರು. ಹೇಗೆ ಬೇಕಾದ್ರೂ ಬರ್ಕೊಳಿ. ಒಬ್ಬರದು ಅಂತ ಮಾತ್ರ ಅಲ್ಲ."

"ಹಾಗಾದ್ರೆ ನಿಮ್ಮನ್ನ ಕೈಬಿಡಬೇಕಾಗುತ್ತೆ."

"ಬಿಡಿ."

ಅವನು ಫೋನಿಟ್ಟು, ಮೇಜಿನ ಮೇಲೆ ಚೆಲ್ಲಿದ್ದ ಕಾಫಿ ಒರೆಸತೊಡಗಿದ. ದೊಂಕಾ ಅವನನ್ನೇ ನೋಡುತ್ತಿದ್ದಳು.

"ಲೋ ಮಂಕೇ, ಇಡೀ ಊರು ಹೊಸ ಬಟ್ಟೆ ಇಸ್ತ್ರಿ ಮಾಡಿಟ್ಕೊಂಡಿದೆ. ನಾನು ಕೂದಲಿಗೆ ಬಣ್ಣ ಹಾಕಿಸ್ಕೊಂಡಿದೀನಿ. ಅವರಿಗೇನು ಹೇಳ್ಲಿ?"

"ನಾನೇ ಹೇಳ್ತೀನಿ."

ಮಧ್ಯಾಹ್ನದ ಸುದ್ದಿಯಲ್ಲಿ, ನೀರು ಮತ್ತು ಹುಟ್ಟುಹಬ್ಬದ ಹಾಡುಗಳ ನಡುವೆ, ಅವನು ಅದನ್ನು ಓದಿದ. "ಬಸ್ಸಿನ ಸುದ್ದಿಯನ್ನು ಮಾಡಿದವರು ಇಬ್ಬರು: ರಾಯ್ನಾ ಕೊಲೆವಾ ಮತ್ತು ಸ್ವೆತ್ಲಿನ್ ಪೇಲೊವ್. ಅರ್ಜಿಯಲ್ಲಿ ಒಬ್ಬನ ಹೆಸರಿತ್ತು, ಅದು ತಪ್ಪು. ಆದ್ದರಿಂದ ನಾವು ಸ್ಪರ್ಧೆಯಲ್ಲಿ ಇಲ್ಲ." ಗಂಟಲು ಕಟ್ಟಲಿಲ್ಲ, ಮೌನವಿಲ್ಲ, ವಾಕ್ಯದ ಮಧ್ಯೆ ಉಸಿರಿಲ್ಲ. ಅದಾದ ಮೇಲೆ ತೋದೊರ್ ತಾತನ ಹುಟ್ಟುಹಬ್ಬಕ್ಕೆ ಅವನ ಮೊಮ್ಮಕ್ಕಳು ಕೋರಿದ್ದ ಅಕಾರ್ಡಿಯನ್ ಹಾಡು ಹಾಕಿದ.

ಬೈಯಲು ಮಹಡಿ ಹತ್ತಿ ಬರುತ್ತಾರೆಂದು ಅವನು ಕಾದ. ಬಂದವನು ಬಸ್ ಮಾಲೀಕನೊಬ್ಬನೇ. ಅವನು ಬಾಗಿಲಲ್ಲೇ ನಿಂತು, "ಸ್ಪರ್ಧೆ ಇರ್ಲಿ ಬಿಡ್ಲಿ, ಬಸ್ ಗುರುವಾರ ಹೊರಡುತ್ತೆ," ಎಂದ. "ಬರ್ತೀನಿ ಅಂದು ಬರ್ದೇ ಇದ್ರೆ ನನ್ನ ಅತ್ತೆ ಏನಂತಾಳೆ?"

ಹಾಗಾಗಿ ಗುರುವಾರ ಡ್ರೆನ್ಕೊವೊ ಸೋಫಿಯಾಕ್ಕೆ ಹೊರಟಿತು. ಇಸ್ತ್ರಿಯಾದ ಬಟ್ಟೆ ಮಡಿಚಿಡುವುದು ಅದಕ್ಕೆ ಗೊತ್ತಿರಲಿಲ್ಲ. ಒಬ್ಬರು ಮೊಮ್ಮಗುವನ್ನು ನೋಡಲು, ಒಬ್ಬರು ಚಪ್ಪಲಿ ಕೊಳ್ಳಲು, ಮಿಕ್ಕವರು ಎಲ್ಲರೂ ಹೊರಟಿದ್ದಾರೆಂದು. ರಾಯ್ನಾ ಅತ್ತೆ ಕೊನೆಗೆ ಹತ್ತಿದರು. ನೀಲಿ ಕೋಟು, ಕುತ್ತಿಗೆಗೆ ರೇಷ್ಮೆ ಬಟ್ಟೆ. ಸ್ವೆತ್ಲಿನ್ ಪಕ್ಕದ ಸೀಟು ಖಾಲಿ ಇತ್ತು. ಅದನ್ನು ಬಿಟ್ಟು ಅವನ ಹಿಂದಿನ ಸೀಟಿನಲ್ಲಿ ಕೂತರು.

ಒಂದು ಗಂಟೆ ಕಳೆದ ಮೇಲೆ ಹಿಂದಿನಿಂದ ಮಾತು ಬಂತು. "ಕೊಲೆವಾ ಅಂತ ಹೇಳ್ದೆ ಸೋಮವಾರ."

"ಹೌದು ಅತ್ತೆ. ತಪ್ಪಾಯ್ತಾ?"

"ಇಲ್ಲ. ಮರೆತೇ ಹೋಗಿತ್ತು ನಂಗೆ. ನನ್ನ ಮೈಕಲ್ಲಿ ನನ್ನ ಹೆಸರು ನಾನೇ ಒಂದು ದಿನವೂ ಹೇಳಿರ್ಲಿಲ್ಲ."

ಸಮಾರಂಭದ ಸಭಾಂಗಣದಲ್ಲಿ ಹೆಬ್ಬೆರಳಿನ ಗಾತ್ರದ ಸ್ಯಾಂಡ್‌ವಿಚ್‌ಗಳನ್ನು ತಟ್ಟೆಗಳಲ್ಲಿ ಹೊತ್ತು ತಿರುಗಿಸುತ್ತಿದ್ದರು. ಡ್ರೆನ್ಕೊವೊದವರು ಮೊದಲ ತಟ್ಟೆಯನ್ನು ಒಂದೇ ಸುತ್ತಿನಲ್ಲಿ ಬರಿದು ಮಾಡಿ, ಇದು ರುಚಿ ತೋರಿಸಲಿಕ್ಕೆ, ಊಟ ಆಮೇಲೆ ಬರುತ್ತದೆ ಎಂದು ತಾಳ್ಮೆಯಿಂದ ಕಾದರು. ಊಟ ಬರಲಿಲ್ಲ. ಪ್ರಶಸ್ತಿಯೆಂದು ಕೊಡುತ್ತಿದ್ದದ್ದು ಕಂಚಿನ ಪುಟ್ಟ ಕಿಟಕಿ. "ನಮ್ಮ ಬಚ್ಚಲುಮನೇಗೆ ಸರಿಹೋಗುತ್ತೆ," ಎಂದು ಸ್ಟಾಮೆನ್ ಮಾಮ ಅಳತೆ ಹೇಳಿದ.

ಸ್ಥಳೀಯ ಸುದ್ದಿಯ ಸರದಿ ಬಂತು. ನಿರೂಪಕ ಎರಡು ಹೆಸರು ಓದಿ, "ಮೂರನೆಯವರು ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ," ಎಂದು ಮುಂದಕ್ಕೆ ಹೋಗಲು ನೋಡಿದ.

"ಯಾಕೆ ಅಂತ ಹೇಳ್ರೀ!" ಹಿಂದಿನ ಸಾಲಿನಿಂದ ಸ್ಟಾಮೆನ್ ಮಾಮ.

"ಕ್ಷಮಿಸಿ, ಅದರ ವಿವರ..."

"ಪತ್ರಕರ್ತರ ಸಭೆ ಅಂತೀರ, ಅರ್ಧ ಸುದ್ದಿ ಹೇಳ್ತೀರಲ್ಲ!" ದೊಂಕಾ.

ನಿರೂಪಕ ಕಾಗದ ತಿರುವಿದ. ಹಿಂದೆ ಏನೂ ಬರೆದಿರಲಿಲ್ಲ. ಆಗ ನೀಲಿ ಕೋಟು ಎದ್ದು ನಿಂತಿತು. ರಾಯ್ನಾ ಅತ್ತೆ ದನಿ ಏರಿಸಲಿಲ್ಲ. ಆದರೂ ಮಾತು ಕೊನೆಯ ಗೋಡೆಗೆ ಮುಟ್ಟಿ ವಾಪಸು ಬಂತು.

"ಆ ಸುದ್ದಿ ಇಬ್ಬರು ಮಾಡಿದ್ದು. ನಿಮ್ಮ ನಿಯಮ ಒಬ್ಬರಿಗೆ. ಆ ಹುಡುಗ ನಿಜ ಹೇಳ್ದ, ನೀವು ನಿಯಮ ಪಾಲಿಸಿದ್ರಿ. ಇಬ್ಬರದೂ ತಪ್ಪಿಲ್ಲ. ಈಗ ಗೆದ್ದೋರು ಯಾರು ಹೇಳಿ, ಪಾಪ ಆ ಮಕ್ಕಳು ಕಾಯ್ತಿದಾರೆ."

"ತಾವು...?"

"ಎರಡನೆಯವಳು."

ಸಭೆ ನಕ್ಕಿತು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಗೆದ್ದದ್ದು ಬುರ್ಗಾಸ್‌ನ ಒಬ್ಬ ಹುಡುಗಿ. ಬಂದರಿನಲ್ಲಿ ಮೀನು ಆಯುವ ಹೆಂಗಸರ ಬಗ್ಗೆ ಅವಳು ಮಾಡಿದ್ದ ವರದಿಯ ತುಣುಕು ಕೇಳಿಸಿದರು. ಸ್ವೆತ್ಲಿನ್ ಅದರಲ್ಲಿ ಹುಳುಕು ಹುಡುಕುತ್ತ ಕೇಳಿದ. ಹೊಟ್ಟೆ ಉರಿಯಲು ಒಂದಾದರೂ ನೆಪ ಬೇಕಿತ್ತು, ಸಿಗಲಿಲ್ಲ.

ರಾಯ್ನಾ ಅತ್ತೆ ಅವನ ಕಡೆ ಬಾಗಿ, "ನಮ್ಮದಕ್ಕಿಂತ ಚೆನ್ನಾಗಿದೆ," ಎಂದರು.

"ಹೌದು," ಎಂದ ಅವನು. ಸೋತ ಸುದ್ದಿಯಲ್ಲಿ ಆ 'ನಮ್ಮದು' ಎಂಬ ಮಾತು ಅವನಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನೋಯುವ ಮುಳ್ಳಲ್ಲ.

ಕೋಟು ತೆಗೆದುಕೊಳ್ಳುವ ಕಡೆ ನೂಕುನುಗ್ಗಲು. ಪತ್ರಿಕೆಯೊಂದರ ಹುಡುಗನೊಬ್ಬ ಕ್ಯಾಮೆರಾ ನೇತುಹಾಕಿಕೊಂಡು ಅವರನ್ನು ಹುಡುಕುತ್ತ ಬಂದ. ಸ್ವೆತ್ಲಿನ್ ಟೈ ಸರಿಮಾಡಿಕೊಂಡ. ಹುಡುಗ ಅವನನ್ನು ದಾಟಿ ಅತ್ತೆಯ ಮುಂದೆ ನಿಂತ.

"ಫೋಟೋ ಕೆಳಗೆ ಹಾಕೋಕೆ ಬೇಕಿತ್ತು. ನಿಮ್ಮ ಹೆಸರು?"

"ರಾಯ್ನಾ ಕೊಲೆವಾ."

"ವೃತ್ತಿ? ಪಿಂಚಣಿದಾರರು ಅಂತ ಹಾಕ್ಲಾ?"

ಅತ್ತೆ ರೇಷ್ಮೆ ಬಟ್ಟೆಯ ಗಂಟು ಬಿಗಿಮಾಡಿಕೊಂಡರು. ಒಂದು ಕ್ಷಣ ಸ್ವೆತ್ಲಿನ್ ಕಡೆ ನೋಡಿದರು.

"ಪತ್ರಕರ್ತೆ," ಎಂದರು. "ಅವಸರದ ಫೋಟೋ ಬೇಡ, ನಿಲ್ಲು, ಕನ್ನಡಕ ತೆಗೀತೀನಿ."

"ಇವರು?"

"ಇವನಾ? ಇವನೂ ಪತ್ರಕರ್ತನೇ. ನನ್ನ ಜತೆ ಕೆಲಸ ಮಾಡ್ತಾನೆ. ಮುಂದೆ ಬಾರೋ, ಯಾಕೆ ಕಂಬದ ಹಾಗೆ ನಿಂತೆ?"

ಸ್ವೆತ್ಲಿನ್ ಮುಂದೆ ಬರುವಷ್ಟರಲ್ಲಿ ಕ್ಯಾಮೆರಾ ಕ್ಲಿಕ್ಕೆಂದಿತ್ತು.

ಶನಿವಾರದ ಪತ್ರಿಕೆ ಡ್ರೆನ್ಕೊವೊಕ್ಕೆ ಬಂದಾಗ ಅಂಗಡಿಯವನು ಆ ಪುಟವನ್ನು ಕತ್ತರಿಸಿ ಬ್ರೆಡ್ಡಿನ ಕಪಾಟಿನ ಮೇಲೆ ಅಂಟಿಸಿದ. ಫೋಟೋದ ತುಂಬ ರಾಯ್ನಾ ಅತ್ತೆ, ಗದರಿಸುವ ಮುಖದಲ್ಲಿ ನಗುತ್ತ. ಕೆಳಗೆ, 'ಡ್ರೆನ್ಕೊವೊದ ಪತ್ರಕರ್ತೆ ರಾಯ್ನಾ ಕೊಲೆವಾ ಮತ್ತು ಅವರ ಸಹೋದ್ಯೋಗಿ'. ಸಹೋದ್ಯೋಗಿ ಎಡಗಡೆಯ ಅಂಚಿನಲ್ಲಿದ್ದ: ಕೋಟಿನ ತೋಳು ಒಂದಿಷ್ಟು, ಒಂದು ಮೊಣಕೈ, ಅರ್ಧ ಕಿವಿ.

ಬ್ರೆಡ್ಡಿಗೆ ಬಂದವರಿಗೆಲ್ಲ ಸ್ವೆತ್ಲಿನ್ ಆ ಮೊಣಕೈ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

"ಇದ್ಯಾರ್ದು ಹೇಳಿ ನೋಡೋಣ? ನಂದು!"